ಬೆಳಿಗ್ಗೆ ಮಾತ್ರ ಕುಂಟುತ್ತಾಳೆ, ಇದು ಸಂಧಿವಾತ ಇರಬಹುದಾ?

ನಿದ್ದೆಗೆಟ್ಟಮ್ಮ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನ್ನ ಮಗಳಿಗೆ ಈಗ ಮೂರೂವರೆ ವರ್ಷ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದ ತಕ್ಷಣ ಎಡಗಾಲು ಎಳೆದುಕೊಂಡು ನಡೆಯುತ್ತಾಳೆ. ಮೊದಮೊದಲು ನಿದ್ದೆಗಣ್ಣು ಅಂದುಕೊಂಡೆ. ಅರ್ಧ ಮುಕ್ಕಾಲು ಗಂಟೆ ಕಳೆದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮನೆ ತುಂಬಾ ಓಡುತ್ತಾಳೆ. ಮಧ್ಯಾಹ್ನ ಮಲಗಿ ಎದ್ದರೆ ಮತ್ತೆ ಅದೇ ಕುಂಟು. ನೋವಾ ಪುಟ್ಟಿ ಅಂತ ಕೇಳಿದರೆ ಇಲ್ಲ ಅಂತಾಳೆ. ಒತ್ತಿ ನೋಡಿದರೂ ಅಳುವುದಿಲ್ಲ.

ಮೆಟ್ಟಿಲು ಇಳಿಯುವ ರೀತಿ ಮಾತ್ರ ಬದಲಾಗಿದೆ. ಮೊದಲೆಲ್ಲ ಕೈ ಹಿಡಿಯೋಕೂ ಬಿಡದೆ ದಡದಡ ಇಳಿಯುತ್ತಿದ್ದವಳು ಈಗ ಬೆಳಗಿನ ಹೊತ್ತು ಕೂತುಕೊಂಡು, ಒಂದೊಂದೇ ಮೆಟ್ಟಿಲು ಜಾರಿ ಜಾರಿ ಇಳಿಯುತ್ತಾಳೆ. ಹೊಸ ಆಟ ಕಂಡುಹಿಡಿದಿದ್ದಾಳೆ ಅಂತ ನಾವೆಲ್ಲ ನಕ್ಕಿದ್ದೂ ಆಯಿತು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮೊದಲು ತೋರಿಸಿದ ಡಾಕ್ಟರು ಎಲ್ಲೋ ಬಿದ್ದಿರಬೇಕು ಅಂದರು. ಎರಡನೆಯವರು ಎಕ್ಸ್‌ರೇ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಎಲ್ಲ ನಾರ್ಮಲ್. ಸಂಧಿವಾತಕ್ಕೆ ಅಂತ ನೋಡುವ ಆರ್‌ಎ ಫ್ಯಾಕ್ಟರ್ ಕೂಡ ನೆಗೆಟಿವ್. ಬೆಳೆಯುವ ಮಕ್ಕಳಿಗೆ ಕಾಲು ನೋವು ಬರುತ್ತದೆ ಅಂತ ಕ್ಯಾಲ್ಸಿಯಂ ಸಿರಪ್ ಬರೆದುಕೊಟ್ಟರು. ನಾನು ಸಂಧಿವಾತ ಇರಬಹುದಾ ಅಂದಿದ್ದಕ್ಕೆ ನಮ್ಮತ್ತೆ "ಅದು ನನ್ನ ಕಾಯಿಲೆ ಕಣೇ, ಮಗುವಿಗೆ ಎಲ್ಲಿಂದ ಬರುತ್ತೆ" ಅಂತ ನಕ್ಕರು.

ಆದರೆ ನಿನ್ನೆ ಸ್ನಾನ ಮಾಡಿಸುವಾಗ ಎರಡೂ ಮಂಡಿ ಪಕ್ಕಪಕ್ಕ ಇಟ್ಟು ನೋಡಿದೆ. ಬಲಗಾಲಲ್ಲಿ ಮಂಡಿಚಿಪ್ಪಿನ ಎರಡೂ ಬದಿಗೆ ಸಣ್ಣ ಗುಳಿ ಇದೆ ಅಲ್ವಾ, ಎಡಗಾಲಲ್ಲಿ ಆ ಗುಳಿನೇ ಇಲ್ಲ. ಸಪಾಟಾಗಿ ತುಂಬಿಕೊಂಡಿದೆ. ಕೆಂಪಗಿಲ್ಲ, ಸ್ವಲ್ಪ ಬೆಚ್ಚಗೆ ಅನ್ನಿಸಿತು, ಅಷ್ಟೆ. ನನಗೇ ಹೀಗೆಲ್ಲ ಕಾಣುತ್ತಿದೆಯಾ, ಅಥವಾ ನಿಜವಾಗಿಯೂ ಏನೋ ಇದೆಯಾ?

ಹಾಯಾಗಿರಿ

ಅಕ್ಕ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಮಗನಿಗೂ ನಾಲ್ಕನೇ ವಯಸ್ಸಿನಲ್ಲಿ ಕಾಲು ನೋವು ಇತ್ತು. ರಾತ್ರಿ ಎದ್ದು ಕೂತು ಅಳುತ್ತಿದ್ದ, ಹತ್ತು ನಿಮಿಷ ಕಾಲು ಒತ್ತಿದರೆ ಮಲಗಿಬಿಡುತ್ತಿದ್ದ. ಎರಡು ವರ್ಷ ಬಂತು ಹೋಯಿತು, ಆಮೇಲೆ ತಾನಾಗೇ ನಿಂತಿತು. ಇಂಟರ್ನೆಟ್‌ನಲ್ಲಿ ಹುಡುಕಿದರೆ ನೆಗಡಿಗೂ ದೊಡ್ಡ ಕಾಯಿಲೆ ಹೆಸರು ಬರುತ್ತೆ. ಎರಡು ಜನ ಡಾಕ್ಟರು ನೋಡಿದ್ದಾರೆ, ರಿಪೋರ್ಟ್ ನಾರ್ಮಲ್ ಇದೆ, ಇನ್ನೇನು ಬೇಕು?

ಮಕ್ಕಳ ಡಾಕ್ಟರು

ಹಾಯಾಗಿರಿ ಅವರೇ, ನಿಮ್ಮ ಮಗನದು ಬೆಳವಣಿಗೆಯ ನೋವೇ ಇರಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ನೀವು ಬರೆದಿದ್ದನ್ನೂ ಮೇಲಿನ ಅಮ್ಮ ಬರೆದಿದ್ದನ್ನೂ ಇನ್ನೊಂದು ಸಲ ಓದಿ ನೋಡಿ. ನಿಮ್ಮದು ರಾತ್ರಿ, ಅವರದು ಬೆಳಿಗ್ಗೆ. ಇಲ್ಲಿ ಇದೇ ಮುಖ್ಯವಾದ ವ್ಯತ್ಯಾಸ.

ಬೆಳವಣಿಗೆಯ ನೋವು ಅಂತ ನಾವು ಕರೆಯುವುದು (ಹೆಸರು ಹಾಗಿದೆ, ಬೆಳವಣಿಗೆಗೂ ಅದಕ್ಕೂ ಅಷ್ಟೇನೂ ಸಂಬಂಧ ಇಲ್ಲ) ಸಂಜೆ ಅಥವಾ ರಾತ್ರಿ ಬರುತ್ತದೆ. ಎರಡೂ ಕಾಲಲ್ಲಿ, ತೊಡೆ, ಮೀನಖಂಡ, ಮಂಡಿಯ ಹಿಂಭಾಗದಲ್ಲಿ. ಒತ್ತಿದರೆ ಹಾಯ್ ಅನ್ನಿಸುತ್ತದೆ. ಬೆಳಿಗ್ಗೆ ಮಗು ಆರಾಮಾಗಿ ಓಡಾಡುತ್ತದೆ. ಊತ ಇರುವುದಿಲ್ಲ, ಕುಂಟು ಇರುವುದಿಲ್ಲ. ಒಂದೇ ಕಾಲು, ಬೆಳಗಿನ ಹೊತ್ತು, ಕುಂಟು, ಜೊತೆಗೆ ಮಂಡಿಯ ಗುಳಿ ಮುಚ್ಚಿಹೋಗಿದೆ ಅಂದರೆ ಅದಕ್ಕೆ ಬೆಳವಣಿಗೆಯ ನೋವು ಅಂತ ಹೆಸರಿಡಲು ನನಗೆ ಧೈರ್ಯ ಬರುವುದಿಲ್ಲ.

ಅಮ್ಮ, ನೀವು ಕಂಡಿದ್ದು ಭ್ರಮೆ ಅಂತ ನನಗೆ ಅನ್ನಿಸುತ್ತಿಲ್ಲ. ಆ ಗುಳಿ ತುಂಬಿಕೊಳ್ಳುವುದು ಕೀಲಿನೊಳಗೆ ನೀರು ಸೇರಿದಾಗ. ಇಲ್ಲಿ ಕೂತು ನಾನು ರೋಗ ಇಂಥದ್ದು ಅಂತ ಹೇಳಲು ಆಗುವುದಿಲ್ಲ, ಕೈಯಿಟ್ಟು ನೋಡಬೇಕು. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಹೌದು, ಮಕ್ಕಳಿಗೂ ಸಂಧಿವಾತ ಬರುತ್ತದೆ. ಒಂದೆರಡು ವರ್ಷದ ಮಗುವಿಗೂ ಬರಬಹುದು. 16 ವರ್ಷ ತುಂಬುವುದಕ್ಕೆ ಮೊದಲು ಶುರುವಾಗಿ, ಕನಿಷ್ಠ 6 ವಾರ ಇದ್ದು, ಬೇರೆ ಯಾವ ಕಾರಣವೂ ಸಿಗದಿದ್ದರೆ ಅದನ್ನು ಜುವೆನೈಲ್ ಇಡಿಯೋಪತಿಕ್ ಆರ್ಥ್ರೈಟಿಸ್ ಅನ್ನುತ್ತಾರೆ, ಚಿಕ್ಕದಾಗಿ ಜೆಐಎ. ಇಡಿಯೋಪತಿಕ್ ಅಂದರೆ ಏನೋ ದೊಡ್ಡ ಅರ್ಥ ಇಲ್ಲ, ಕಾರಣ ಗೊತ್ತಿಲ್ಲ ಅಂತ ಅಷ್ಟೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಕೀಲಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ನಿಮ್ಮ ಅತ್ತೆಯವರದು ಬಹುಶಃ ಮಂಡಿ ಸವೆದು ಬಂದದ್ದು, ಅದೇ ಬೇರೆ, ಇದೇ ಬೇರೆ. ಹೆಸರು ಒಂದೇ ಆಗಿರುವುದರಿಂದ ಇಷ್ಟೊಂದು ಗೊಂದಲ.

ಇನ್ನು ರಿಪೋರ್ಟ್ ವಿಷಯ. ಜೆಐಎ ಇದೆ ಅಥವಾ ಇಲ್ಲ ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲವೇ ಇಲ್ಲ. ಆರ್‌ಎ ಫ್ಯಾಕ್ಟರ್ ಬಹುಪಾಲು ಮಕ್ಕಳಲ್ಲಿ ನೆಗೆಟಿವ್ ಇರುತ್ತದೆ. ಒಂದೇ ಮಂಡಿ ಊದಿದ್ದರೆ ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗಳೂ ನಾರ್ಮಲ್ ಇರಬಹುದು. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ, ಶುರುವಿನಲ್ಲಿ ತೊಂದರೆ ಇರುವುದು ಮೂಳೆಯಲ್ಲಿ ಅಲ್ಲ. ಹಾಗಾದರೆ ರಕ್ತ ಪರೀಕ್ಷೆ ಯಾಕೆ ಅಂದರೆ, ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಕೀಲು ನೋವು ಅಂತ ಬಂದ ಮಗುವಿನಲ್ಲಿ ಕೆಲವೊಮ್ಮೆ ರಕ್ತದ ಕ್ಯಾನ್ಸರ್ ಅಡಗಿರುತ್ತದೆ. ಅಂಥ ಮಗು ಬಿಳಿಚಿಕೊಂಡಿರುತ್ತದೆ, ತೂಕ ಇಳಿದಿರುತ್ತದೆ, ಊತ ಇಷ್ಟೇ ಇದ್ದರೂ ನೋವು ವಿಪರೀತ, ರಾತ್ರಿ ನಿದ್ದೆ ಇಲ್ಲ. ಹೆದರಿಸಲು ಹೇಳುತ್ತಿಲ್ಲ, ನೀವು ಬರೆದದ್ದರಲ್ಲಿ ಅದು ಯಾವುದೂ ಇಲ್ಲ.

ಮಕ್ಕಳ ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞರ ಹತ್ತಿರ ಕಳುಹಿಸಿ ಅಂತ ನಿಮ್ಮ ಡಾಕ್ಟರಿಗೆ ನೇರವಾಗಿ ಕೇಳಿ. ಹೋಗುವ ಮೊದಲು ಒಂದು ಕೆಲಸ ಮಾಡಿ. ಬೆಳಿಗ್ಗೆ ಎದ್ದ ತಕ್ಷಣ ಅವಳು ನಡೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮಧ್ಯಾಹ್ನ 12 ಗಂಟೆಗೆ ಕ್ಲಿನಿಕ್‌ನಲ್ಲಿ ಅವಳು ಕುಣಿದಾಡಿಕೊಂಡು ಬಂದರೆ ನಿಮ್ಮ ಮಾತು ಯಾರು ನಂಬುತ್ತಾರೆ? ನಾನೇ ಎಷ್ಟೋ ಸಲ ನಂಬಿಲ್ಲ, ಒಪ್ಪಿಕೊಳ್ಳುತ್ತೇನೆ.

ಎಂಟು ವರ್ಷದ ಅನುಭವ

ಅಮ್ಮ, ನಿಮ್ಮ ಮೆಟ್ಟಿಲಿನ ಕಥೆ ಓದಿ ನನಗೆ ಕಣ್ಣಲ್ಲಿ ನೀರು ಬಂತು. ನಮ್ಮ ಮನೆಯಲ್ಲಿ ಅದು ಟ್ರೈಸಿಕಲ್. ನನ್ನ ಮಗಳಿಗೆ ಆಗ ಎರಡೂವರೆ. ಒಂದು ದಿನ ಸೈಕಲ್ ಬೇಡ ಅಂದಳು. ಆಮೇಲೆ ಎತ್ತಿಕೋ ಎತ್ತಿಕೋ ಅಂತ ಗಂಟುಬಿದ್ದಳು. ಮುದ್ದು ಜಾಸ್ತಿ ಆಯಿತು ಅಂತ ನಾನು ಗದರಿದ್ದೂ ಇದೆ. ಆ ವಯಸ್ಸಿನ ಮಕ್ಕಳಿಗೆ ನೋವು ಅಂತ ಹೇಳಲು ಬರುವುದಿಲ್ಲ ರೀ. ನೋಯುವ ಕೆಲಸವನ್ನು ಸುಮ್ನೆ ಬಿಟ್ಟುಬಿಡುತ್ತವೆ, ನಮಗೆ ಅದು ಹಟದ ಹಾಗೆ, ಸೋಮಾರಿತನದ ಹಾಗೆ ಕಾಣುತ್ತದೆ.

ನಮಗೆ ಗೊತ್ತಾಗುವ ಹೊತ್ತಿಗೆ ಐದು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಆ ಕಾಲಿನ ತೊಡೆ ಇನ್ನೊಂದಕ್ಕಿಂತ ಸಣ್ಣಗಾಗಿತ್ತು, ಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ವಿಚಿತ್ರ ಅಂದರೆ ಆ ಕಾಲು ಉದ್ದವೂ ಆಗಿತ್ತು. ಊದಿದ ಮಂಡಿಗೆ ರಕ್ತ ಹೆಚ್ಚು ಹರಿಯುತ್ತದೆ, ಅದಕ್ಕೆ ಅಲ್ಲಿನ ಮೂಳೆ ಬೇಗ ಬೆಳೆಯುತ್ತದೆ ಅಂತ ಡಾಕ್ಟರು ವಿವರಿಸಿದರು. ಕೆಲವು ವರ್ಷ ಇನ್ನೊಂದು ಕಾಲಿನ ಶೂ ಒಳಗೆ ಒಂದು ಪದರ ಹಾಕಿಕೊಂಡು ನಡೆದಳು, ಈಗ ಬಹುತೇಕ ಸಮ ಆಗಿದೆ.

ಆದರೆ ನಾನು ಬರೆಯಲು ಬಂದಿದ್ದು ಇದಲ್ಲ. ಕಣ್ಣು. ದಯವಿಟ್ಟು ಕಣ್ಣು ತೋರಿಸಿ. ಮಂಡಿ ಊದಿದರೆ ಕಣ್ಣು ಯಾಕೆ ಅಂತ ನಾನೂ ಕೇಳಿದ್ದೆ. ಈ ಕಾಯಿಲೆಯಲ್ಲಿ ಕಣ್ಣಿನೊಳಗೂ ಉರಿಯೂತ ಬರಬಹುದು, ಯುವಿಯೈಟಿಸ್ ಅಂತಾರೆ. ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ನೀರು ಸುರಿಯುವುದಿಲ್ಲ. ಮಗು ಎಂದಿನ ಹಾಗೆ ನಿಮ್ಮನ್ನು ನೋಡಿ ನಗುತ್ತಿರುತ್ತದೆ, ಒಳಗೆ ಹಾಳಾಗುತ್ತಿರುತ್ತದೆ. ಬಿಟ್ಟರೆ ಪೊರೆ, ಗ್ಲಾಕೋಮಾ, ದೃಷ್ಟಿ ಹೋಗುವವರೆಗೂ ಹೋಗಬಹುದು. ಅಕ್ಷರದ ಬೋರ್ಡ್ ಓದಿಸಿದರೆ ಇದು ಗೊತ್ತಾಗುವುದಿಲ್ಲ. ಸ್ಲಿಟ್ ಲ್ಯಾಂಪ್ ಅಂತ ಒಂದು ಯಂತ್ರ ಇದೆ, ಅದರ ಮುಂದೆ ಗದ್ದ ಇಟ್ಟು ಕೂರಬೇಕು. ಚಿಕ್ಕ ವಯಸ್ಸಿಗೆ ಶುರುವಾದವರಿಗೆ, ಕಡಿಮೆ ಕೀಲುಗಳಿಗೆ ಬಂದವರಿಗೆ, ಎಎನ್‌ಎ ಅನ್ನುವ ರಕ್ತ ಪರೀಕ್ಷೆ ಪಾಸಿಟಿವ್ ಇದ್ದವರಿಗೆ ಅಪಾಯ ಜಾಸ್ತಿ. ನನ್ನ ಮಗಳು ಮೂರರಲ್ಲೂ ಇದ್ದಳು. ಎರಡನೇ ಸಲ ತೋರಿಸಿದಾಗ ಬಲಗಣ್ಣಿನಲ್ಲಿ ಸಿಕ್ಕಿತು. ಬೇಗ ಸಿಕ್ಕಿದ್ದಕ್ಕೆ ಹನಿ ಔಷಧಿಯಲ್ಲೇ ಹತೋಟಿಗೆ ಬಂತು.

ಹಾಯಾಗಿರಿ

ಕಣ್ಣಿನ ವಿಷಯ ಗೊತ್ತೇ ಇರಲಿಲ್ಲ. ನಾನು ಹಗುರವಾಗಿ ಬರೆದೆ ಅನ್ನಿಸುತ್ತಿದೆ, ಅಕ್ಕ ಕ್ಷಮಿಸಿ. ಒಂದು ಅನುಮಾನ ಉಳಿದಿದೆ. ನೆಗಡಿ ಜ್ವರ ಬಂದು ಹೋದ ಮೇಲೂ ಮಕ್ಕಳು ಕುಂಟುತ್ತಾರಲ್ಲ, ನಮ್ಮ ಅಣ್ಣನ ಮಗ ಒಂದು ವಾರ ಕುಂಟಿದ್ದ. ಹಾಗೆ ಕುಂಟಿದವರಿಗೆಲ್ಲ ಸಂಧಿವಾತ ಅಂತ ಓಡಬೇಕಾ?

ಮಕ್ಕಳ ಡಾಕ್ಟರು

ಖಂಡಿತ ಬೇಡ. ವೈರಸ್ ಜ್ವರದ ನಂತರ ಸೊಂಟದ ಕೀಲಿನಲ್ಲಿ ಕೆಲವು ದಿನ ನೀರು ಸೇರುವುದು ತುಂಬಾ ಸಾಮಾನ್ಯ, ಒಂದೆರಡು ವಾರದಲ್ಲಿ ತಾನಾಗೇ ಹೋಗುತ್ತದೆ. ಅದಕ್ಕೇ 6 ವಾರ ಅನ್ನುವ ಲೆಕ್ಕ ಇರುವುದು. ಹಾಗಂತ ಊದಿದ ಕೀಲನ್ನು 6 ವಾರ ಮನೆಯಲ್ಲಿ ಇಟ್ಟುಕೊಂಡು ಕಾಯಬೇಡಿ. ಕೀಲು ಊದಿದ್ದು ಕಣ್ಣಿಗೆ ಕಂಡರೆ ಆ ವಾರವೇ ತೋರಿಸಿ.

ಅದೇ ದಿನ ಓಡಬೇಕಾದದ್ದು ಇನ್ನೊಂದಿದೆ. ಜ್ವರ ಇದೆ, ಒಂದು ಕೀಲು ಬಿಸಿಯಾಗಿ ಊದಿದೆ, ಮಗು ಕಾಲು ಊರಲು ಬಿಡುತ್ತಿಲ್ಲ, ಮುಟ್ಟಿದರೆ ಕಿರುಚುತ್ತದೆ. ಕೀಲಿನೊಳಗೆ ಕೀವು ಆಗಿರಬಹುದು. ಅದು ರಾತ್ರಿ ಆದರೂ ಸರಿ, ಬೆಳಗಾಗಲಿ ಅಂತ ಕೂರುವ ಕಾಯಿಲೆ ಅಲ್ಲ. ಕೀವು ಕೀಲಿನ ಮೃದು ಮೂಳೆಯನ್ನು ದಿನಗಳಲ್ಲೇ ತಿಂದುಹಾಕುತ್ತದೆ.

ಗಂಟಲು ನೋವು ಬಂದು ಎರಡು ಮೂರು ವಾರಕ್ಕೆ ಕೀಲು ನೋವು ಶುರುವಾಗಿ, ಇವತ್ತು ಮಂಡಿ ನಾಳೆ ಕಣಕಾಲು ನಾಡಿದ್ದು ಮೊಣಕೈ ಅಂತ ಜಾಗ ಬದಲಿಸುತ್ತಾ ಹೋದರೆ ಅದು ರುಮ್ಯಾಟಿಕ್ ಜ್ವರ ಇರಬಹುದು. ಅಲ್ಲಿ ಹೃದಯದ ಕವಾಟ ನೋಡಬೇಕಾಗುತ್ತದೆ. ಜೆಐಎ ಹೀಗೆ ಜಿಗಿದಾಡುವುದಿಲ್ಲ, ಹಿಡಿದ ಕೀಲನ್ನು ಹಿಡಿದೇ ಇರುತ್ತದೆ.

ಹಳೇ ಕೀಲು

ನಾನು ರೋಗಿಯ ಕಡೆಯಿಂದ ಬರೆಯುತ್ತೇನೆ. ನನಗೆ 9ನೇ ವಯಸ್ಸಿನಲ್ಲಿ ಬಂತು, ಈಗ 34. ನನ್ನದು ಐದು ಅಥವಾ ಅದಕ್ಕಿಂತ ಜಾಸ್ತಿ ಕೀಲುಗಳಿಗೆ ಬರುವ ಜಾತಿಯದು, ಪಾಲಿ ಅಂತಾರೆ. ಶುರುವಾದ ಮೊದಲ 6 ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲುಗಳಿದ್ದರೆ ಆಲಿಗೊ, ನಿಮ್ಮ ಮಗಳದು ಆಗಿದ್ದರೆ ಬಹುಶಃ ಅದೇ.

ದೊಡ್ಡ ಮಕ್ಕಳ ಅಪ್ಪ ಅಮ್ಮ ಯಾರಾದರೂ ಓದುತ್ತಿದ್ದರೆ ಹೇಳುತ್ತೇನೆ, ನಾವು ಬಚ್ಚಿಡುತ್ತೇವೆ. ನನಗೆ ಮಣಿಕಟ್ಟು, ಬೆರಳು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ, ಹಾಗಾಗಿ ಸ್ಕೂಲಿನಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಮೊದಲ ಪಿರಿಯಡ್‌ನಲ್ಲಿ ಬರೆದದ್ದು ಕೋಳಿ ಕೆದರಿದ ಹಾಗೆ ಇರುತ್ತಿತ್ತು, ಮಧ್ಯಾಹ್ನದ ನೋಟ್ಸ್ ಮುತ್ತು ಪೋಣಿಸಿದ ಹಾಗೆ. "ಮನಸ್ಸು ಮಾಡಿದರೆ ಚೆನ್ನಾಗಿ ಬರೆಯುತ್ತೀಯ, ಬೆಳಿಗ್ಗೆ ಕಳ್ಳಾಟ" ಅಂತ ಬೈಸಿಕೊಳ್ಳುತ್ತಿದ್ದೆ. ಆ ಎರಡು ಪುಟ ಪಕ್ಕಪಕ್ಕ ಇಟ್ಟು ಒಬ್ಬರಾದರೂ ಯೋಚನೆ ಮಾಡಿದ್ದರೆ ಒಂದು ವರ್ಷ ಮೊದಲೇ ಪತ್ತೆಯಾಗುತ್ತಿತ್ತು.

ಬೆಳಗಿನ ಆ ಬಿಗಿತ ಹೇಗಿರುತ್ತದೆ ಅಂತ ನನ್ನ ಗಂಡ ಈಗಲೂ ಕೇಳುತ್ತಾರೆ. ನೋವು ಅನ್ನುವುದಕ್ಕಿಂತ, ಒದ್ದೆ ಬಟ್ಟೆ ಮೈಮೇಲೇ ಒಣಗಿ ಗಡುಸಾದ ಹಾಗೆ. ಅಲುಗಾಡಿಸಿ ಅಲುಗಾಡಿಸಿ ಸಡಿಲ ಮಾಡಿಕೊಳ್ಳಬೇಕು. ಬಿಸಿನೀರಿನ ಸ್ನಾನ ನನಗೆ ಎಲ್ಲ ಮಾತ್ರೆಗಿಂತ ಬೇಗ ಕೆಲಸ ಮಾಡುತ್ತಿತ್ತು.

ಮತ್ತೆ ದವಡೆ. ಯಾರೂ ದವಡೆ ನೋಡುವುದಿಲ್ಲ. ಅಗಿಯಲು ಬೇಜಾರು ಮಾಡಿದರೆ, ಬಾಯಿ ತೆರೆದಾಗ ಒಂದು ಕಡೆಗೆ ವಾಲಿದರೆ ಹೇಳಿ. ನನ್ನ ಗದ್ದ ಚಿಕ್ಕದಾಗಿ ಉಳಿದಿದ್ದು ಅದೇ ಕಾರಣಕ್ಕೆ.

ವ್ಯಾಯಾಮ ಮೇಷ್ಟ್ರು

ಫಿಸಿಯೋಥೆರಪಿ ನನ್ನ ಕೆಲಸ, ಒಂದೇ ಮಾತು. ನೋವಿದೆ ಅಂತ ಮಗುವನ್ನು ಕೂರಿಸಬೇಡಿ, ಮಂಡಿ ಕೆಳಗೆ ದಿಂಬು ಇಟ್ಟು ಮಲಗಿಸಬೇಡಿ. ಹಾಯ್ ಅನ್ನಿಸುತ್ತದೆ ನಿಜ, ಆದರೆ ಮಡಚಿದ ಮಂಡಿ ಹಾಗೇ ಮಡಚಿಕೊಂಡು ಕೂರುತ್ತದೆ, ಆಮೇಲೆ ನೆಟ್ಟಗೆ ಮಾಡಲು ತಿಂಗಳುಗಟ್ಟಲೆ ಬೇಕು. ಈಜು, ಸೈಕಲ್ ಎರಡೂ ಒಳ್ಳೆಯದು. ಮನೆಯಲ್ಲಿ ಪರೀಕ್ಷೆ ಮಾಡಿ ನೋಡಬೇಕು ಅಂದರೆ ಆಟದ ಹಾಗೆ ಮಾಡಿಸಿ: ತುದಿಗಾಲಲ್ಲಿ ನಡೆ, ಹಿಮ್ಮಡಿಯಲ್ಲಿ ನಡೆ, ಕುಕ್ಕರುಗಾಲಲ್ಲಿ ಕೂತು ಏಳು, ಮುಷ್ಟಿ ಕಟ್ಟು, ಎರಡೂ ಅಂಗೈ ಸೇರಿಸಿ ಮೊಣಕೈ ಮೇಲೆತ್ತು, ಛಾವಣಿ ನೋಡು, ನಿನ್ನದೇ ಮೂರು ಬೆರಳು ಬಾಯಲ್ಲಿ ಹಿಡಿಸುತ್ತಾ ನೋಡು. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡರೆ ಬರೆದಿಟ್ಟುಕೊಂಡು ಡಾಕ್ಟರಿಗೆ ಹೇಳಿ.

ಸುಮ್ನೆ ಓದುಗ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಪರಿಚಯದ ಒಂದು ಮಗುವಿಗೆ ಎರಡು ವಾರ ದಿನಾ ಸಂಜೆ ಜ್ವರ, ಆಂಟಿಬಯಾಟಿಕ್ ಯಾವುದಕ್ಕೂ ಜಗ್ಗಲಿಲ್ಲ, ಕೊನೆಗೆ ಸಂಧಿವಾತ ಅಂದರಂತೆ. ಕೀಲು ಊದಿರಲೇ ಇಲ್ಲ. ಅದು ಹೇಗೆ?

ಮಕ್ಕಳ ಡಾಕ್ಟರು

ಒಳ್ಳೇ ಪ್ರಶ್ನೆ. ಅದು ಇದೇ ಕಾಯಿಲೆಯ ಇನ್ನೊಂದು ರೂಪ, ಸಿಸ್ಟಮಿಕ್ ಜೆಐಎ. ಜಾರ್ಜ್ ಫ್ರೆಡರಿಕ್ ಸ್ಟಿಲ್ ಅನ್ನುವ ವೈದ್ಯರು 1897ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದಿದ್ದರು, ಅದಕ್ಕೆ ಈಗಲೂ ಸ್ಟಿಲ್ಸ್ ಕಾಯಿಲೆ ಅನ್ನುತ್ತಾರೆ. ದಿನಕ್ಕೆ ಒಂದು ಸಲ, ಹೆಚ್ಚಾಗಿ ಸಂಜೆ, ಜ್ವರ ಸರ್ರನೆ ಏರುತ್ತದೆ, ಇಳಿದಾಗ ಮಗು ಆಟ ಆಡುತ್ತದೆ. ಜ್ವರ ಏರಿದಾಗ ಮೈಮೇಲೆ ತಿಳಿ ಗುಲಾಬಿ ಬಣ್ಣದ ದದ್ದು ಮೂಡಿ, ಜ್ವರದ ಜೊತೆಗೇ ಮಾಯವಾಗುತ್ತದೆ. ಅದನ್ನೂ ಫೋಟೋ ತೆಗೆದುಕೊಳ್ಳಿ, ಡಾಕ್ಟರ ಮುಂದೆ ಅದು ಯಾವತ್ತೂ ಬರುವುದಿಲ್ಲ. ಕೀಲು ಊತ ವಾರಗಳು, ತಿಂಗಳುಗಳು ತಡವಾಗಿ ಬರಬಹುದು. ಇದು ಉಳಿದವುಗಳಿಗಿಂತ ಗಂಭೀರ, ಲಿವರ್, ಗುಲ್ಮ, ಹೃದಯದ ಹೊದಿಕೆ ಎಲ್ಲಕ್ಕೂ ಹಬ್ಬಬಹುದು.

ನಿದ್ದೆಗೆಟ್ಟಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ವಾರ ಆಯಿತು, ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ವಿಡಿಯೋ ಕೆಲಸ ಮಾಡಿತು. ರುಮಟಾಲಜಿಸ್ಟ್ ಇಪ್ಪತ್ತು ಸೆಕೆಂಡ್ ನೋಡಿ ಫೋನ್ ವಾಪಸ್ ಕೊಟ್ಟರು. ಆಮೇಲೆ ಅವಳ ಮಂಡಿಯ ಒಂದು ಬದಿಯನ್ನು ಬೆರಳಿನಿಂದ ಸವರಿ, ಇನ್ನೊಂದು ಬದಿಯಲ್ಲಿ ನೀರು ಉಬ್ಬಿ ಬರುವುದನ್ನು ನನಗೂ ತೋರಿಸಿದರು. ಅಲ್ಟ್ರಾಸೌಂಡ್‌ನಲ್ಲೂ ಅದೇ ಬಂತು. ಆಲಿಗೊ ಜೆಐಎ. ಎಎನ್‌ಎ ಪಾಸಿಟಿವ್. ನಾನು ಕೇಳಿದ ಮೊದಲ ಪ್ರಶ್ನೆ, ಬಸುರಿಯಲ್ಲಿ ನಾನೇನಾದರೂ ತಪ್ಪು ಮಾಡಿದೆನಾ ಅಂತ. ಇಲ್ಲ ಅಂದರು, ಕೇಳಿ ಮುಗಿಸುವ ಮೊದಲೇ. ದಿನಾ ಕೇಳಿಸಿಕೊಳ್ಳುವ ಪ್ರಶ್ನೆ ಇರಬೇಕು.

ಸ್ವಲ್ಪ ಹೊತ್ತು ಮಂಪರು ಬರಿಸಿ ಮಂಡಿಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಆರನೇ ದಿನ ಬೆಳಿಗ್ಗೆ ಮೆಟ್ಟಿಲ ಹತ್ತಿರ ನಿಂತಿದ್ದೆ. ಅವಳು ಕೂರಲಿಲ್ಲ. ಗೋಡೆ ಹಿಡಿದುಕೊಂಡು ನಿಂತೇ ಇಳಿದಳು, ನಡುವೆ ಒಂದು ಕಡೆ ನಿಂತು ನನ್ನ ಮುಖ ನೋಡಿದಳು. ಅತ್ತೆ ಈಗ ದಿನಾ ಅವಳ ಜೊತೆ ಕೂತು ಮಂಡಿ ಮಡಚಿ ಬಿಚ್ಚುವ ವ್ಯಾಯಾಮ ಮಾಡುತ್ತಾರೆ.

ಊತ ಮತ್ತೆ ಬಂದರೆ ಮೆಥೊಟ್ರೆಕ್ಸೇಟ್ ಶುರು ಮಾಡಬೇಕಾಗಬಹುದು ಅಂದಿದ್ದಾರೆ. ಅದು ಕ್ಯಾನ್ಸರ್ ಔಷಧಿ ಅಂತ ಯಾರೋ ಹೆದರಿಸಿದರು. ಎಂಟು ವರ್ಷದ ಅನುಭವ ಅವರೇ, ನಿಮ್ಮ ಮಗಳಿಗೆ ಕೊಟ್ಟಿದ್ದಿರಾ? ಇನ್ನೊಂದು, ಕಣ್ಣು ತೋರಿಸಿದೆವು, ಏನೂ ಇಲ್ಲ ಅಂದರು. ಏನೂ ಇಲ್ಲ ಅಂದ ಮೇಲೂ ಮೂರು ತಿಂಗಳಿಗೆ ಮತ್ತೆ ಹೋಗಲೇಬೇಕಾ? ಸ್ಲಿಟ್ ಲ್ಯಾಂಪ್ ಮುಂದೆ ಕೂರಿಸಲು ಪಟ್ಟ ಪಾಡು ನಮಗೇ ಗೊತ್ತು.

ಎಂಟು ವರ್ಷದ ಅನುಭವ

ಅಯ್ಯೋ, ನಿಂತು ಇಳಿದಳಾ! ಓದಿ ತುಂಬಾ ಖುಷಿ ಆಯಿತು.

ಕೊಟ್ಟಿದ್ದೆವು, ನಾಲ್ಕು ವರ್ಷ. ಕ್ಯಾನ್ಸರ್‌ಗೂ ಕೊಡುತ್ತಾರೆ ನಿಜ, ಆದರೆ ಅಲ್ಲಿನ ಡೋಸ್ ಎಲ್ಲಿ, ಇಲ್ಲಿನ ಡೋಸ್ ಎಲ್ಲಿ. ನೆನಪಿಡಬೇಕಾದದ್ದು, ಇದು ವಾರಕ್ಕೆ ಒಂದೇ ದಿನ ಕೊಡುವ ಔಷಧಿ, ಅಪ್ಪಿತಪ್ಪಿ ದಿನಾ ಕೊಟ್ಟರೆ ಅಪಾಯ. ನಾವು ಭಾನುವಾರ ಅಂತ ಇಟ್ಟುಕೊಂಡಿದ್ದೆವು, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆವು. ಕೆಲಸ ಶುರು ಮಾಡಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಮೊದಲ ತಿಂಗಳಲ್ಲೇ ಪ್ರಯೋಜನ ಇಲ್ಲ ಅಂತ ನಿಲ್ಲಿಸಬೇಡಿ. ಜೊತೆಗೆ ಫೋಲಿಕ್ ಆಸಿಡ್ ಕೊಡುತ್ತಾರೆ, ಆಗಾಗ ಲಿವರ್‌ಗೆ, ರಕ್ತಕಣಕ್ಕೆ ಪರೀಕ್ಷೆ ಮಾಡಿಸುತ್ತಾರೆ. ಲಸಿಕೆ ಹಾಕಿಸುವಾಗ ಪ್ರತಿ ಸಲ ಕೇಳಿಕೊಂಡು ಹಾಕಿಸಿ, ಕೆಲವು ಜೀವಂತ ಲಸಿಕೆಗಳು ಆಗ ಆಗುವುದಿಲ್ಲ. ದೊಡ್ಡ ಕಾಟ ಅಂದರೆ ಹೊಟ್ಟೆ ತೊಳಸುವುದು. ನನ್ನ ಮಗಳಿಗೆ ಹೇಗಾಗಿತ್ತು ಅಂದರೆ ಮಾತ್ರೆ ಹಳದಿ ಬಣ್ಣ, ಕೊನೆಕೊನೆಗೆ ಹಳದಿ ಕ್ರೇಯಾನ್ ಕಂಡರೂ ಓಕರಿಸುತ್ತಿದ್ದಳು. ಆಮೇಲೆ ಇಂಜೆಕ್ಷನ್‌ಗೆ ಬದಲಿಸಿದರು. ಅದಕ್ಕೂ ಬಗ್ಗದಿದ್ದರೆ ಬಯಾಲಜಿಕ್ ಅಂತ ಬೇರೆ ಔಷಧಿಗಳೇ ಇವೆ, ನಮಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಈಗ ಎರಡು ವರ್ಷದಿಂದ ಯಾವ ಔಷಧಿಯೂ ಇಲ್ಲ.

ಕಣ್ಣಿಗೆ ಹೋಗಲೇಬೇಕು. ಮಂಡಿ ಪೂರ್ತಿ ಗುಣವಾಗಿದ್ದರೂ ಹೋಗಬೇಕು, ಕಣ್ಣಿಗೂ ಮಂಡಿಗೂ ಲೆಕ್ಕ ಬೇರೆ ಬೇರೆ. ನಮಗೆ ಮೊದಲ ಸಲ ಏನೂ ಇಲ್ಲ ಅಂದಿದ್ದರು, ಸಿಕ್ಕಿದ್ದು ಎರಡನೇ ಸಲ. ಕೂರಿಸುವುದಕ್ಕೆ ಒಂದು ಉಪಾಯ ಇದೆ, ಮೊದಲು ಗೊಂಬೆಯ ಗದ್ದ ಇಡಿಸಿ, ಆಮೇಲೆ ನಿಮ್ಮದು, ಕೊನೆಗೆ ಅವಳದು.